ಬೋರ್ಡಿಲ್ಲದ ಲೇತ್ ಅಂಗಡಿಯಲ್ಲಿ ರೋಡ್‌ಕಿಂಗ್ ಆಕ್ಸಲ್

ಮೈಸೂರಿನ ಬನ್ನಿಮಂಟಪದ ಕಡೆ ಇರುವ ಈ ಲೇತ್ ಅಂಗಡಿಗೆ ಬೋರ್ಡಿಲ್ಲ. ಮೇಸ್ತ್ರಿ ತಮ್ಮ ಹೆಸರು, ಫೋನ್ ನಂಬರ್ ಎರಡನ್ನೂ ಹಾಕಬೇಡಿ ಅಂದಿದ್ದಾರೆ. 'ಇರೋ ಕೆಲಸಾನೇ ಮುಗೀತಿಲ್ಲ ಸಾರ್' ಅಂತ. ಹಳೆ ಯೆಜ್ಡಿ ಬೈಕ್ ಇಟ್ಟುಕೊಂಡವರು ಆ ಕಡೆ ಹೋಗಿ ಎರಡು ಕಡೆ ವಿಚಾರಿಸಿದರೆ ಸಿಗುತ್ತಾರೆ. ನನಗೂ ಹಾಗೇ ಸಿಕ್ಕಿದ್ದು.

ಗಾಡಿ ಅಪ್ಪನದು, 1986ರ ಯೆಜ್ಡಿ ರೋಡ್‌ಕಿಂಗ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಪ್ಪ ಆಮೇಲೂ ಹನ್ನೆರಡು ವರ್ಷ ಓಡಿಸಿದರು. ನಂತರ ಅದು ಹಿತ್ತಲಿನ ಶೀಟ್ ಕೆಳಗೆ ನಿಂತುಬಿಟ್ಟಿತು. ಶೀಟಿನಲ್ಲಿ ಇದ್ದದ್ದು ಒಂದೇ ತೂತು. ಅದೂ ಸರಿಯಾಗಿ ಹಿಂದಿನ ಚಕ್ರದ ಮೇಲೆ.

ಈ ಗಾಡಿಯ ಹಿಂದಿನ ಚಕ್ರ ಬಿಚ್ಚುವುದು ಬಲು ಸುಲಭ ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಚಕ್ರದ ನಡುವೆ ಹಾದುಹೋಗುವ ರಾಡ್, ಅಂದರೆ ಆಕ್ಸಲ್ ಎಳೆದರೆ ಸಾಕು, ಚಕ್ರ ಕೈಗೆ ಬರುತ್ತೆ. ಚೈನು, ಸ್ಪ್ರಾಕೆಟ್ ತಮ್ಮ ಪಾಡಿಗೆ ಕವರಿನೊಳಗೆ ಉಳಿಯುತ್ತವೆ. ಆದರೆ ಆಕ್ಸಲ್ ಎಳೆದರೆ ತಾನೇ! ನಮ್ಮದು ಅಲುಗಲೇ ಇಲ್ಲ. ಚಕ್ರ ಮಾತ್ರ ಆರಾಮಾಗಿ ತಿರುಗುತ್ತಿತ್ತು. ಅಂದರೆ ಬೇರಿಂಗಿನ ಗುಂಡುಗಳು ಚೆನ್ನಾಗಿದ್ದವು. ತುಕ್ಕು ಹಿಡಿದು ಕಚ್ಚಿಕೊಂಡಿದ್ದು ಆಕ್ಸಲ್. ಕಬ್ಬಿಣಕ್ಕಿಂತ ತುಕ್ಕು ಜಾಸ್ತಿ ಜಾಗ ಕೇಳುತ್ತೆ. ಒಳಗೆ ಜಾಗ ಎಲ್ಲಿದೆ?

ಮೊದಲು ಒಂದು ಗ್ಯಾರೇಜಿಗೆ ಒಯ್ದೆ. ಅದರ ಹೆಸರು ಬೇಡ. ಅಲ್ಲಿನ ಹುಡುಗ ನಟ್ ಬಿಚ್ಚಿ, ಮರೆ ಇಲ್ಲದೆ ನೇರವಾಗಿ ಥ್ರೆಡ್ ಮೇಲೆ ದೊಡ್ಡ ಸುತ್ತಿಗೆಯಲ್ಲಿ ಹೊಡೆದ. ಎಂಟು ಹತ್ತು ಏಟಿಗೆ ಆಕ್ಸಲ್ ತುದಿ ಅಣಬೆಯ ಹಾಗೆ ಅರಳಿತು. ಇನ್ನು ಅದು ತೂತಿನೊಳಗೆ ತೂರುವ ಮಾತೇ ಇಲ್ಲ. 'ಕಟ್ ಮಾಡಿಬಿಡೋಣ ಸಾರ್' ಅಂದ. ಗಾಡಿಯನ್ನು ಲಗೇಜ್ ಆಟೋಗೆ ಹಾಕಿಸಿಕೊಂಡು ವಾಪಸ್ ಬಂದೆ.

ಮೇಸ್ತ್ರಿ ನೋಡಿದ ತಕ್ಷಣ ಕೇಳಿದ್ದು, 'ಯಾರು ಸಾರ್ ಹೊಡೆದಿದ್ದು?' ನಾನಲ್ಲ ಅಂದೆ. ನಂಬಿದ ಹಾಗೆ ಕಾಣಲಿಲ್ಲ. 'ಬೈಕ್ ರಿಪೇರಿ ನಾನು ಮಾಡಲ್ಲ. ಆಕ್ಸಲ್ ತೆಗೆದು ಕೊಡ್ತೀನಿ ಅಷ್ಟೆ. ಅರ್ಜೆಂಟ್ ಅನ್ನಬೇಡಿ.'

ಮೊದಲ ಎರಡು ದಿನ ಅವರು ಸುತ್ತಿಗೆ ಮುಟ್ಟಲಿಲ್ಲ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ಟ್ಯಾಂಕು, ಬ್ಯಾಟರಿ ಬಿಚ್ಚಿ, ಹಳೆ ಟೈರುಗಳ ಮೇಲೆ ಗಾಡಿಯನ್ನು ಮಗ್ಗುಲಾಗಿ ಮಲಗಿಸಿದರು. ಪವರ್ ಸ್ಟೀರಿಂಗ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ, ಆಕ್ಸಲ್ ಸುತ್ತ ಗಂಟೆಗೊಮ್ಮೆ ಹನಿಸಿದರು. ಮಾರನೇ ದಿನ ಇನ್ನೊಂದು ಮಗ್ಗುಲು. ಗಾಡಿ ನಿಂತಿದ್ದರೆ ಎಣ್ಣೆ ಹೊರಗೇ ಇಳಿದು ಹೋಗುತ್ತೆ, ಮಲಗಿದರೆ ಒಳಗೆ ಇಳಿಯುತ್ತೆ. ಇಷ್ಟು ಸರಳ ವಿಷಯ ನನಗೆ ಹೊಳೆದಿರಲೇ ಇಲ್ಲ. ಮನೆಯಲ್ಲಿ ಒಂದು ತಿಂಗಳು ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ನೆಲ ತೊಳೆದದ್ದೇ ಬಂತು.

ಮೂರನೇ ದಿನ ಎಣ್ಣೆಯನ್ನೆಲ್ಲ ಒರೆಸಿ ಒಣಗಲು ಬಿಟ್ಟು, ಆಮೇಲೆ ಬೆಂಕಿ. ಕಾಯಿಸುವುದು, ಆರಲು ಬಿಡುವುದು, ಮತ್ತೆ ಕಾಯಿಸುವುದು. ಬಿಸಿ ಇದ್ದಾಗ ಸಂದಿಗೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಸರ್ರನೆ ಒಳಗೆ ಹೋಯಿತು. ಬೇರಿಂಗಿನ ಗ್ರೀಸ್ ಸುಡುತ್ತೆ, ಬ್ರೇಕ್ ಶೂಗೆ ಎಣ್ಣೆ ಹೋಗಿರುತ್ತೆ, ಎರಡೂ ಹೊಸದು ತನ್ನಿ ಅಂತ ಮೊದಲೇ ಹೇಳಿದ್ದರು. ಹಾಳಾಗುವುದನ್ನು ಮುಂಚೆಯೇ ಹೇಳುವವರು ಎಷ್ಟು ಜನ ಸಿಗ್ತಾರೆ?

ಕೊನೆಗೆ ಅರಳಿದ ತುದಿಗೆ ಒಂದು ದಪ್ಪ ನಟ್ ವೆಲ್ಡ್ ಮಾಡಿ, ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿದರು. ಎಳೆಯುವುದಲ್ಲ, ತಿರುಗಿಸುವುದು. ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ 'ಟಿಕ್' ಅಂತ ಒಂದು ಸಣ್ಣ ಶಬ್ದ. ಮೇಸ್ತ್ರಿ ಪೈಪ್ ಕೆಳಗಿಟ್ಟು ಚಹಾ ತರಿಸಿದರು. ಇನ್ನೂ ಹೊರಗೆ ಬಂದಿರಲಿಲ್ಲ, ಆದರೆ ಅವರ ಪ್ರಕಾರ ಕೆಲಸ ಮುಗಿದಿತ್ತು. ನಿಜವೇ. ಚಹಾ ಆದ ಮೇಲೆ ವೆಲ್ಡ್ ಮಾಡಿದ ನಟ್ಟನ್ನೂ ಅರಳಿದ ತುದಿಯನ್ನೂ ಗ್ರೈಂಡರಿನಲ್ಲಿ ಕತ್ತರಿಸಿ, ಹಿತ್ತಾಳೆ ರಾಡ್ ಇಟ್ಟು ತಟ್ಟುತ್ತಾ ಹೋದರು. ಕಾಫಿಪುಡಿಯಂಥ ತುಕ್ಕು ಸುರಿಸಿಕೊಂಡು ಆಕ್ಸಲ್ ಹೊರಬಂತು.

ಬಿಡಿಸಿದ್ದಕ್ಕೆ 800 ರೂಪಾಯಿ. ಇಎನ್8 ದರ್ಜೆಯ ಉಕ್ಕಿನ ರಾಡ್‌ನಲ್ಲಿ ಹೊಸ ಆಕ್ಸಲ್ ಕಡೆದು ಕೊಟ್ಟಿದ್ದಕ್ಕೆ 1,200. ಹೆಬ್ಬೆರಳಲ್ಲಿ ಒತ್ತಿದರೆ ಬೇರಿಂಗಿನೊಳಗೆ ಜಾರಿಕೊಂಡು ಹೋಗುತ್ತೆ, ಅಲುಗಾಟ ಇಲ್ಲ. ಅಳತೆಯಲ್ಲಿ ಪೂರ್ತಿ ಅಂಕ.

ದೂರು ಇಲ್ಲವೇ ಅಂದರೆ ಇದೆ. ಮೂರು ದಿನ ಅಂದಿದ್ದು ಒಂಬತ್ತು ದಿನ ಆಯಿತು. ಮಧ್ಯೆ ಒಂದು ದಿನ ಅಂಗಡಿಗೆ ಬೀಗ, ಹೇಳುವವರು ಕೇಳುವವರು ಇಲ್ಲ. ಬಿಲ್ ಕೊಡುವುದಿಲ್ಲ. ಹೊಸ ಆಕ್ಸಲ್‌ಗೆ ಪ್ಲೇಟಿಂಗ್ ಇಲ್ಲ, ಹಾಗೇ ಬಿಟ್ಟರೆ ಮತ್ತೆ ತುಕ್ಕು ಗ್ಯಾರಂಟಿ. ಧಾರಾಳವಾಗಿ ಗ್ರೀಸ್ ಬಳಿದು ಹಾಕಿದ್ದೇನೆ. ಶೀಟಿನ ತೂತಿಗೂ ತೇಪೆ ಹಾಕಿಸಿದೆ. ಬೈಕ್ ಪೂರ್ತಿ ಜೋಡಿಸಿಕೊಡಿ ಅಂತ ಅವರನ್ನು ಕೇಳಬೇಡಿ, ಬೈಸಿಕೊಳ್ಳುತ್ತೀರಿ. ಜೋಡಿಸಲು ಬೇರೆ ಮೆಕ್ಯಾನಿಕ್ ಇಟ್ಟುಕೊಂಡೇ ಹೋಗಿ.

ಇನ್ನೊಂದು. ಆಕ್ಸಲ್‌ನ ಹಳೆ ನಟ್ಟನ್ನು ಮರೆಯದೆ ತೆಗೆದುಕೊಂಡು ಹೋಗಿ. ನಮ್ಮ ಆಕ್ಸಲ್ ತುದಿ ನಜ್ಜಾಗಿದ್ದರಿಂದ ಹೊಸ ಥ್ರೆಡ್ ಹಾಕಲು ಅವರಿಗೆ ಆ ನಟ್ಟೇ ಆಧಾರ. ನಾನು ಅದನ್ನು ಜೋಪಾನವಾಗಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ವಾಪಸ್ ಬಂದು ನೋಡಿದರೆ ಬಾಟಲಿಯಲ್ಲಿ ಜೀರಿಗೆ ಇತ್ತು.