ಪಿಜಿಎ ಟೂರಾ, ಲಿವ್ ಗಾಲ್ಫಾ? ಆಟಗಾರ ಯಾವ ಕಡೆ ಹೋಗ್ಬೇಕು

ಪಿಜಿಎ ಟೂರ್ ಅಂದ್ರೆ ಅಮೆರಿಕದ ಹಳೇ ಗಾಲ್ಫ್ ಟೂರ್ನಿಗಳ ಸರಣಿ, ಲಿವ್ ಅದಕ್ಕೆ ಎದುರಾಗಿ ಬಂದ ಹೊಸ ಲೀಗ್. ಮೊದ್ಲು ದುಡ್ಡು, ಯಾಕಂದ್ರೆ ಇವೆರಡರ ಜಗಳ ಶುರುವಾಗಿದ್ದೇ ಅಲ್ಲಿಂದ. 2022ರಲ್ಲಿ ಲಿವ್ ಬಂದಾಗ ಒಂದೊಂದು ಟೂರ್ನಿಗೆ 2.5 ಕೋಟಿ ಡಾಲರ್ ಬಹುಮಾನ, ಗೆದ್ದವ್ರಿಗೆ 40 ಲಕ್ಷ, ಕಟ್ಟಕಡೆ 48ನೇ ಜಾಗದಲ್ಲಿ ಬಂದವ್ರಿಗೂ 1.2 ಲಕ್ಷ ಡಾಲರ್, ಇದ್ರ ಮೇಲೆ ದೊಡ್ಡ ಹೆಸರಿನವ್ರಿಗೆ ಸೈನ್ ಮಾಡಿದ್ದಕ್ಕೇ ಬೇರೆ ದುಡ್ಡು. ಪಿಜಿಎ ಟೂರಲ್ಲಿ ಎರಡು ದಿನ ಆಡಿ ಕಟ್ ಮಿಸ್ ಆದ್ರೆ, ಅಂದ್ರೆ ಮುಂದಿನ ಸುತ್ತುಗಳಿಗೆ ಉಳೀದೇ ಹೋದ್ರೆ, ಸಾಮಾನ್ಯವಾಗಿ ಬರಿಗೈ, ಓಡಾಟ ಮತ್ತೆ ಕ್ಯಾಡಿ (ಬ್ಯಾಗ್ ಹೊರೋ ಸಹಾಯಕ) ಖರ್ಚು ಮಾತ್ರ ನಿಂತಿರುತ್ತೆ. ಆದ್ರೆ ಅಲ್ಲಿ ಗೆದ್ದಿದ್ದು ನಿಜವಾಗ್ಲೂ ಗೆದ್ದ ಹಾಗೆ ಅನ್ಸುತ್ತೆ ನಂಗೆ.

ಇನ್ನು ಆ ದುಡ್ಡು ಯಾರ್ದು? ಲಿವ್ ಹಿಂದಿರೋದು ಸೌದಿ ಅರೇಬಿಯಾದ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್ ಅನ್ನೋ ಸರ್ಕಾರಿ ಹೂಡಿಕೆ ನಿಧಿ, ಅದರ ಅಧ್ಯಕ್ಷ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. 2018ರಲ್ಲಿ ಪತ್ರಕರ್ತ ಜಮಾಲ್ ಖಶೋಗಿ ಕೊಲೆಯಾಗಿದ್ದು ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೇ, ಅದನ್ನ ಮರೆಸೋಕೆ ನನ್ನ ಆಟ ಬಳಕೆಯಾಗ್ತಿದ್ಯಾ ಅಂತ ಪ್ರತಿಯೊಬ್ಬ ಆಟಗಾರನೂ ಕೇಳ್ಕೋಬೇಕು.

ಹಾಗಂತ ಪಿಜಿಎ ಟೂರ್ ಕೂಡ ಶುದ್ಧ ಅಂತ ಹೇಳಕ್ಕಾಗಲ್ಲ. ಲಿವ್‌ಗೆ ಹೋದವ್ರನ್ನ ಸಸ್ಪೆಂಡ್ ಮಾಡಿ ನೈತಿಕತೆ ಮಾತಾಡಿದವ್ರು 2023ರ ಜೂನ್‌ನಲ್ಲಿ ಅದೇ ಫಂಡ್ ಜೊತೆ ಒಪ್ಪಂದ ಘೋಷಿಸಿದ್ರು, ನಿಷ್ಠೆ ಅಂತ ಲಿವ್‌ನ ಕೋಟಿಗಟ್ಟಲೆ ದುಡ್ಡು ಬಿಟ್ಟ ಆಟಗಾರರಿಗೆ ಒಂದು ಮಾತೂ ಹೇಳ್ದೆ. ಇದು ನಂಗೆ ತುಂಬಾ ನೋವು ಕೊಟ್ಟ ವಿಷ್ಯ.

1977ರಲ್ಲಿ ಆಸ್ಟ್ರೇಲಿಯಾದ ಟಿವಿ ಚಾನೆಲ್ ಮಾಲೀಕ ಕೆರ್ರಿ ಪ್ಯಾಕರ್ ಶುರು ಮಾಡಿದ ಪ್ರತಿಸ್ಪರ್ಧಿ ಸರಣಿಗೆ ಹೋದ ಕ್ರಿಕೆಟಿಗರ ಕಥೆ ಬೇರೆ, ಅವ್ರಿಗೆ ಸಿಗ್ತಿದ್ದ ಸಂಬಳವೇ ಕಮ್ಮಿ, ಬ್ಯಾನ್ ಮಾಡಿದ್ದು ತಪ್ಪು ಅಂತ ಲಂಡನ್ ಹೈಕೋರ್ಟೇ ಹೇಳ್ತು. ಹಾಗಾಗಿ ಖರ್ಚಿಗೇ ಒದ್ದಾಡೋ ಹುಡುಗ ಲಿವ್‌ಗೆ ಹೋದ್ರೆ ನಾನು ಬೈಯಲ್ಲ, ಆಗ್ಲೇ ಕೋಟಿ ಕೋಟಿ ಗಳಿಸಿರೋರು ಹೋಗೋದನ್ನ ಮಾತ್ರ ಒಪ್ಪಕ್ಕಾಗಲ್ಲ.