ಶೋಧಗಂಗಾ: ಕೊಡಗು ಸಿಗದಿದ್ದರೆ ಕೂರ್ಗ್ ಹುಡುಕಿ

ದೇವರ ಹೆಸರಲ್ಲಿ ಊರವರು ಕಾಪಾಡಿಕೊಂಡು ಬಂದ ದೇವರಕಾಡಿನ ಬಗ್ಗೆ ಎಂ.ಎ. ಕಿರುಪ್ರಬಂಧ ಬರೆಯಲು ಕೂತದ್ದು ಕಕ್ಕಡ ತಿಂಗಳ (ಆಟಿ) ಮಳೆಯಲ್ಲಿ. ವಿರಾಜಪೇಟೆ ಹತ್ತಿರದ ನಮ್ಮ ಮನೆಗೆ ಕರೆಂಟು ಬಂದಾಗ ಬಂತು, ಹೋದಾಗ ಹೋಯ್ತು. ಮೊಬೈಲ್ ಹಾಟ್‌ಸ್ಪಾಟು ಸಿಗುವುದು ಜಗಲಿಯ ಬಲಮೂಲೆಯಲ್ಲಿ ಮಾತ್ರ. ಅಂಥ ಹೊತ್ತಲ್ಲಿ ನನಗೆ ಆಸರೆಯಾದದ್ದು ಶೋಧಗಂಗಾ.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲದ ಸಂಸ್ಥೆ ನಡೆಸುವ ಆನ್‌ಲೈನ್ ಭಂಡಾರ ಇದು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಪುಕ್ಕಟೆ ಓದಲು ಸಿಗುತ್ತವೆ. ನನಗೆ ಹಿಡಿಸಿದ್ದು ಏನೆಂದರೆ, ಪ್ರಬಂಧ ಅಧ್ಯಾಯಕ್ಕೊಂದು ಪಿಡಿಎಫ್ ಆಗಿರುತ್ತದೆ. ನಮ್ಮ ನೆಟ್‌ವರ್ಕಿಗೆ ಹೇಳಿ ಮಾಡಿಸಿದ ಹಾಗೆ. ನಾನು ಮೊದಲು ಇಳಿಸಿಕೊಳ್ಳುವುದು ಕೊನೆಯ ಗ್ರಂಥಸೂಚಿಯನ್ನು. ಇನ್ನೊಬ್ಬರು ನಾಲ್ಕೈದು ವರ್ಷ ಅಲೆದು ಹುಡುಕಿದ್ದೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತದೆ!

ಆದರೆ ಹುಡುಕುವ ಪೆಟ್ಟಿಗೆ ನೀವು ಬರೆದ ಅಕ್ಷರವನ್ನಷ್ಟೇ ನೋಡುತ್ತದೆ, ಮನಸ್ಸಿನಲ್ಲಿರುವುದನ್ನಲ್ಲ. ಮೊದಲ ದಿನ ಇಂಗ್ಲಿಷಿನಲ್ಲಿ 'ಕೊಡಗು ದೇವರಕಾಡು' ಎಂದು ಹಾಕಿ, ಸಿಕ್ಕಿದ್ದು ಬೆರಳೆಣಿಕೆಯಷ್ಟೇ ಎಂದು ಮುಖ ಸಣ್ಣ ಮಾಡಿಕೊಂಡು ಎದ್ದೆ. ತಪ್ಪು ನನ್ನದೇ. 1956ರಲ್ಲಿ ಮೈಸೂರಿಗೆ ಸೇರುವ ತನಕ ನಮ್ಮದು ಕೂರ್ಗ್ ರಾಜ್ಯ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಲ್ಲೂ 'ಕೂರ್ಗ್ಸ್' ಎಂದೇ ಇದೆ. ಮಡಿಕೇರಿ ಹಳೇ ಕಾಗದಗಳಲ್ಲಿ ಮರ್ಕೆರಾ. ದೇವರಕಾಡಂತೂ ವಿಜ್ಞಾನದವರ ಬಾಯಲ್ಲಿ 'ಸೇಕ್ರೆಡ್ ಗ್ರೋವ್', ನಮ್ಮ ಅಜ್ಜನ ಬಾಯಲ್ಲಿ 'ದೇವಕಾಡ್'.

ಹಾಗಾಗಿ ಎರಡನೇ ಸಲ 'ಸೇಕ್ರೆಡ್ ಗ್ರೋವ್' ಎರಡೂ ಪದಗಳನ್ನು ಸೇರಿಸಿ ಉದ್ಧರಣ ಚಿಹ್ನೆಯೊಳಗೆ ಇಟ್ಟೆ. ಇಲ್ಲದಿದ್ದರೆ ಪವಿತ್ರವಾದದ್ದೆಲ್ಲ, ತೋಪುಗಳೆಲ್ಲ ಬೇರೆಬೇರೆಯಾಗಿ ಬಂದು ರಾಶಿ ಬೀಳುತ್ತವೆ. ಕೊಡಗು, ಕೂರ್ಗ್ ಎರಡರ ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ಆರ್' (OR) ಹಾಕಿದೆ, ಎಂದರೆ ಇದಾದರೂ ಸರಿ, ಅದಾದರೂ ಸರಿ. ಆಮೇಲೆ ಬಂದ ಪಟ್ಟಿ ನೋಡುತ್ತಾ ಕಾಫಿ ಆರಿಹೋಯ್ತು.

ಕೊರತೆ ಇಲ್ಲವೆಂದಲ್ಲ. ಟೈಪ್‌ರೈಟರ್ ಕಾಲದ ಪ್ರಬಂಧಗಳು ಬರೀ ಫೋಟೋ ಇದ್ದ ಹಾಗೆ. ಒಳಗೆ ಪದ ಹುಡುಕಲಾಗದೆ ಪುಟ ಪುಟ ತಿರುವಬೇಕು. ಜರ್ನಲ್ ಲೇಖನ ಇಲ್ಲಿ ಹುಡುಕಬೇಡಿ, ಅದಕ್ಕೆ ಕಾಲೇಜುಗಳಿಗೆ ಜರ್ನಲ್, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಯೋಜನೆ ಇದೆ. ನಿಮ್ಮ ಕಾಲೇಜು ಸದಸ್ಯವಾಗಿದ್ದರೆ ಗ್ರಂಥಪಾಲಕರನ್ನು ಕೇಳಿ ಲಾಗಿನ್ ಮಾಡಿಸಿಕೊಳ್ಳಿ.

ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹುಡುಕಿದ ಪದ, ತಾರೀಕು ಎಲ್ಲ ಬರೆದಿಟ್ಟಿದ್ದೇನೆ. ಅಜ್ಜನ 'ದೇವಕಾಡ್' ಎದುರಿಗೆ ಮಾತ್ರ ಇನ್ನೂ ಟಿಕ್ ಬಿದ್ದಿಲ್ಲ.