ಕಮೋಡ್ ಹಾಕಿಸುತ್ತಿದ್ದೀರಾ? ಸ್ಕ್ರೂ ಮೇಲಿನ ಕ್ಯಾಪ್ ತೆಗೆಸಿ ನೋಡಿ

ಮನೆಯಲ್ಲಿ ವೆಸ್ಟರ್ನ್ ಕಮೋಡ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಹಳೇ ಇಂಡಿಯನ್ ಪ್ಯಾನ್ ಕಿತ್ತು, ಆ ಗುಂಡಿಗೆ ಕಾಂಕ್ರೀಟ್ ತುಂಬಿ, ಅದರ ಮೇಲೆ ಕಮೋಡ್ ಕೂರಿಸುವವರು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಅಮ್ಮನಿಗೆ ಮಂಡಿ ನೋವು, ಕುಕ್ಕರಗಾಲಲ್ಲಿ ಕೂರಲು ಆಗಲ್ಲ. ಅದಕ್ಕೇ ಮೈಸೂರಿನ ನಮ್ಮ ಹಳೇ ಮನೆಯ ಟಾಯ್ಲೆಟ್ ಬದಲಿಸಿದೆವು. ಗಾರೆಯವರು ಕಾಂಕ್ರೀಟ್ ಹಾಕಿ ಹೋದರು. ಟೈಲ್ಸ್ ಇಲ್ಲ. ಟಾಯ್ಲೆಟ್ ನೆಲ ಅಂದಮೇಲೆ ನೀರು ಹೋಗುವ ಜಾಲಿ ಕಡೆಗೆ ಇಳಿಜಾರು ಇದ್ದೇ ಇರುತ್ತದೆ, ಅದು ಸರಿ. ಇಲ್ಲಿ ಅದರ ಜೊತೆಗೆ ಹಿಂದೆ ಒಂದು ಉಬ್ಬು, ಎಡಗಡೆ ತಗ್ಗು. ಬರಿಗಾಲಲ್ಲಿ ನಿಂತರೇ ಗೊತ್ತಾಗುತ್ತಿತ್ತು.

ಕಮೋಡ್ ಮಾರಿದ ಅಂಗಡಿಯವನೇ ಪ್ಲಂಬರ್ ಕಳಿಸಿದ. "ನಮ್ಮ ಹುಡುಗ ಸಾರ್, ಕಣ್ಣು ಮುಚ್ಚಿಕೊಂಡು ಕೆಲಸ ಕೊಡಿ."

ಬಂದವನ ಹತ್ತಿರ ಮಟ್ಟ ನೋಡುವ ರಸಮಟ್ಟ ಇರಲಿಲ್ಲ. ನೆಲ ಮಟ್ಟ ಇಲ್ಲವಲ್ಲಪ್ಪ ಅಂದೆ. "ಅದೆಲ್ಲ ವೈಟ್ ಸಿಮೆಂಟಲ್ಲಿ ಸರಿಹೋಗುತ್ತೆ ಸಾರ್" ಅಂದ. ಕಮೋಡನ್ನು ನೆಲಕ್ಕೆ ಸ್ಕ್ರೂ ಹಾಕಿ ಬಿಗಿಯಬೇಕಲ್ಲ, ಡ್ರಿಲ್ ಸದ್ದೇ ಕೇಳಿಸಲಿಲ್ಲವಲ್ಲ ಅಂದಿದ್ದಕ್ಕೆ, "ನೋಡಿ, ಸ್ಕ್ರೂ ಆಗಿದೆ" ಅಂತ ಸ್ಕ್ರೂ ಮುಚ್ಚುವ ಎರಡೂ ಕಡೆಯ ಬಿಳಿ ಕ್ಯಾಪ್ ತೋರಿಸಿದ. ಕ್ಯಾಪ್ ಇತ್ತು. ನಿಜವಾಗಲೂ ಇತ್ತು. ಸುತ್ತ ವೈಟ್ ಸಿಮೆಂಟ್ ನೀಟಾಗಿ ಮೆತ್ತಿದ್ದ. 2,500 ರೂಪಾಯಿ ಎಣಿಸಿಕೊಂಡು ಹೋದ.

ಸ್ವಲ್ಪ ದಿನಕ್ಕೆ ಅಮ್ಮ, "ಕೂತರೆ ಅಲ್ಲಾಡುತ್ತೆ ಕಣೋ" ಅಂದರು. ಪ್ಲಂಬರಿಗೆ ಫೋನ್ ಮಾಡಿದೆ. "ಹೊಸದು ಸಾರ್, ಕೂತು ಕೂತು ಸೆಟ್ ಆಗುತ್ತೆ." ಕಮೋಡ್ ಏನು ಹೊಸ ಚಪ್ಪಲಿನಾ, ಹಾಕಿ ಹಾಕಿ ಹದವಾಗೋಕೆ? ಮತ್ತೆ ಮಾಡಿದೆ. "ಅಮ್ಮ ಒಂದೇ ಕಡೆ ಭಾರ ಹಾಕ್ತಾರೇನೋ, ಮಧ್ಯಕ್ಕೆ ಕೂತ್ಕೊಳ್ಳೋಕೆ ಹೇಳಿ." ಎಪ್ಪತ್ತು ದಾಟಿದ ಅಮ್ಮನಿಗೆ ಹೇಗೆ ಕೂರಬೇಕು ಅಂತ ನಾನು ಪಾಠ ಹೇಳಬೇಕಂತೆ!

ಆಮೇಲೆ ವಾಸನೆ ಶುರುವಾಯಿತು. ಫಿನಾಯಿಲ್ ಸುರಿದರೂ ಹೋಗದು. ಗೌರಿ ಹಬ್ಬಕ್ಕೆ ನೆಂಟರು ಬಂದಿದ್ದಾಗ ಚಿಕ್ಕಮ್ಮ ಮೂಗಿಗೆ ಸೆರಗು ಹಿಡಿದು ಈಚೆ ಬಂದರು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು. ಕೆಲಸ ಮುಗಿದ ದಿನ ಭಾವನಿಗೆ ಇವನದೇ ನಂಬರ್ ಕೊಟ್ಟಿದ್ದೆ. ಅವರು ಎಲ್ಲರ ಮುಂದೆ, "ಆ ಪ್ಲಂಬರ್ ಇವನೇ ತಾನೇ?" ಅಂತ ಕೇಳಿದರು. ಮುಖ ಎಲ್ಲಿಟ್ಟುಕೊಳ್ಳಲಿ ಹೇಳಿ.

ಬೇರೆ ಪ್ಲಂಬರ್ ಕರೆಸಿದೆ, ವಯಸ್ಸಾದವರು. ಅವರು ಬಂದವರೇ ಕ್ಯಾಪಿಗೆ ಉಗುರು ಹಾಕಿ ಎಬ್ಬಿಸಿದರು. ಟಪ್ ಅಂತ ಬಂತು. ಕೆಳಗೆ ಸ್ಕ್ರೂ ಇಲ್ಲ. ತೂತಿನಲ್ಲಿ ನೆಲ ಕಾಣಿಸುತ್ತಿತ್ತು. ಇನ್ನೊಂದು ಕಡೆಯದೂ ಹಾಗೇ. ಬರೀ ಕ್ಯಾಪನ್ನು ಗಮ್ ಹಾಕಿ ಅಂಟಿಸಿದ್ದ! ವೈಟ್ ಸಿಮೆಂಟ್ ಕೆತ್ತಿದರೆ ತಗ್ಗಿನ ಕಡೆ ಮಡಚಿಟ್ಟ ರಟ್ಟು. ನಮ್ಮದೇ ಕಮೋಡ್ ಬಂದ ಡಬ್ಬದ ರಟ್ಟು, ನೀರು ಕುಡಿದು ಮುದ್ದೆಯಾಗಿತ್ತು. ಕಮೋಡ್ ಅಲ್ಲಾಡಿ ಅಲ್ಲಾಡಿ, 4 ಇಂಚಿನ ಪೈಪಿಗೆ ಸೇರುವ ಕಡೆ ಬಿರುಕು ಬಿಟ್ಟು, ಫ್ಲಶ್ ಮಾಡಿದಾಗಲೆಲ್ಲ ಒಂದಿಷ್ಟು ಕೊಳಕು ನೀರು ಕಮೋಡಿನ ಕೆಳಗೆ ಇಳಿಯುತ್ತಿತ್ತು. ವಾಸನೆ ಅದರದೇ. ಉಬ್ಬಿನ ಮೇಲೆ ಕೂತಿದ್ದ ಕಡೆ ಪಿಂಗಾಣಿಯೂ ಸೀಳಿತ್ತು. ಅಲ್ಲಿಗೆ ಕಮೋಡೂ ಹೋಯಿತು.

ಸ್ಕ್ರೂ ಹಾಕೋದು ಮರೆತ ಅಂತಲೇ ಇಟ್ಟುಕೊಳ್ಳೋಣ. ಕ್ಯಾಪ್ ಅಂಟಿಸೋದನ್ನು ಯಾರೂ ಮರೆತು ಮಾಡಲ್ಲ, ಅಲ್ವಾ? ಅದೇ ನನಗೆ ಇನ್ನೂ ಉರಿಯುತ್ತಿರುವುದು.

ಮೊದಲನೆಯವನಿಗೆ ಫೋಟೊ ಕಳಿಸಿದೆ. "ಕಾಂಕ್ರೀಟ್ ಸಾರ್, ಡ್ರಿಲ್ ಮಾಡಿದ್ರೆ ಪೈಪ್ ಒಡೆಯುತ್ತೆ ಅಂತ ನಿಮ್ಮ ಒಳ್ಳೇದಕ್ಕೇ ಬಿಟ್ಟೆ." ನನ್ನ ಒಳ್ಳೇದಕ್ಕೆ! ಆಮೇಲೆ, "ನಿಮ್ಮ ನೆಲ ಸರಿಯಿಲ್ಲ, ಗಾರೆಯವರನ್ನ ಕೇಳಿ." ಅಂಗಡಿಯವನು ಇನ್ನೂ ಜಾಣ. "ಫಿಟ್ಟಿಂಗಿಗೂ ನಮಗೂ ಸಂಬಂಧ ಇಲ್ಲ, ಅವನು ಹೊರಗಿನವನು. ಫಿಟ್ಟಿಂಗ್ ತಪ್ಪಿಂದ ಒಡೆದರೆ ವಾರಂಟಿ ಬರಲ್ಲ." ಮಾರುವಾಗ ನಮ್ಮ ಹುಡುಗ, ಒಡೆದಾಗ ಹೊರಗಿನವನು.

ಎರಡನೆಯವರು ಉಬ್ಬನ್ನು ಗ್ರೈಂಡರಲ್ಲಿ ತೇಯ್ದರು. ತಗ್ಗಿಗೆ ಗಾರೆ ತುಂಬಿ, ಗಟ್ಟಿಯಾಗುವ ತನಕ ಮುಟ್ಟಲಿಲ್ಲ. ಆಮೇಲೆ ಹೊಸ ಕಮೋಡನ್ನು ಸುಮ್ನೆ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಹಿಡಿದು ನೋಡಿದರು. ಪೆನ್ಸಿಲಲ್ಲಿ ಗುರುತು ಮಾಡಿ, ಪೈಪ್ ಯಾವ ಕಡೆ ಹೋಗಿದೆ ಅಂತ ಕೇಳಿಕೊಂಡು ತೂತು ಕೊರೆದರು. ಏನೂ ಒಡೆಯಲಿಲ್ಲ. ಪೈಪಿಗೆ ರಬ್ಬರ್ ಕನೆಕ್ಟರ್ ಹಾಕಿದರು. ಸ್ಕ್ರೂಗಳನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಬಿಗಿದರು, ಜಾಸ್ತಿ ಬಿಗಿದರೆ ಪಿಂಗಾಣಿ ಸೀಳುತ್ತದಂತೆ. ಸುತ್ತ ಸಿಲಿಕೋನ್ ಎಳೆದು ಹಿಂದೆ ಸ್ವಲ್ಪ ಜಾಗ ಬಿಟ್ಟರು, ಸೋರಿದರೆ ಅಲ್ಲಿ ಕಾಣಿಸಲಿ ಅಂತ. ಮೊದಲನೆಯವನು ಒಂದು ಸಂದೂ ಬಿಡದೆ ಮೆತ್ತಿದ್ದು ಯಾಕೆ ಅಂತ ಆಗ ಹೊಳೆಯಿತು.

ರಸಮಟ್ಟ ಇಲ್ಲದೆ ಬಂದವನನ್ನು ಬಾಗಿಲಿಂದಲೇ ಕಳಿಸಿ. ಅಂಗಡಿಯವನು ಜನ ಕಳಿಸಿದರೆ ಫಿಟ್ಟಿಂಗ್ ಚಾರ್ಜನ್ನೂ ಅವನ ಬಿಲ್ಲಲ್ಲೇ ಬರೆಸಿಕೊಳ್ಳಿ. ಸ್ಕ್ರೂ ಬಿಗಿದ ಮೇಲೆ, ಸಿಲಿಕೋನ್ ಹಾಕುವ ಮೊದಲು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ದುಡ್ಡು ಕೊಡುವಾಗ ಕ್ಯಾಪ್ ತೆಗೆದು ತೋರಿಸು ಅನ್ನಿ. "ನಂಬಿಕೆ ಇಲ್ವಾ ಸಾರ್" ಅಂತ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.